ಎಕ್ಕದ ಗಿಡದ ಹುಳಗಳೂ ನಾವು ಹೊತ್ತಿರುವ ಹೆಸರೂ

ಮನುಷ್ಯನು ಹೊರಗೆ ತೋರಿಸುವ ಗುರುತಿಗೂ ಅವನ ಒಳಗಿನ ಸ್ಥಿತಿಗೂ ಏನು ಸಂಬಂಧ? ಒಳಗೆ ಸತ್ಯವಿದ್ದರೆ ಹೊರಗಿನ ಗುರುತು ಬೇಕಾಗಿಯೇ ಇಲ್ಲವೆಂದು ಕೆಲವರು ಹೇಳುತ್ತಾರೆ. ಗುರುತು ಸರಿಯಾಗಿದ್ದರೆ ಸಾಕು, ಒಳಗಿನದನ್ನು ವಿಚಾರಿಸುವವರು ಯಾರು ಎಂದು ಬೇರೆ ಕೆಲವರು ಬಾಯಿಂದ ಹೇಳದಿದ್ದರೂ ನಡತೆಯಿಂದ ಹೇಳುತ್ತಾರೆ. ಕ್ರಿಸ್ತನ ಹೆಸರನ್ನು ಹೊತ್ತಿರುವ ನಮಗೆ ಇದು ಪಂಡಿತರ ಚರ್ಚೆಗೆ ಬಿಟ್ಟುಬಿಡತಕ್ಕ ಪ್ರಶ್ನೆಯಲ್ಲ. ಸಂತೆಯಲ್ಲಿ, ಹೊಲದ ಬದುವಿನಲ್ಲಿ, ಊರ ಹಿರಿಯರ ಮುಂದೆ ಅದು ದಿನಾಲು ನಮಗೆ ಎದುರಾಗಿ ನಿಲ್ಲುತ್ತದೆ.

ನಮ್ಮ ಕರ್ತನು ಇಂಥ ಗೂಢವಾದ ಸಂಗತಿಗಳನ್ನು ಕಲಿಸಬೇಕಾದಾಗ ಆಕಾಶದ ಹಕ್ಕಿಗಳನ್ನೂ ಅಡವಿಯ ಹೂವುಗಳನ್ನೂ ತೋರಿಸಿದನು. ಸೊಲೊಮೋನನು ಸೋಮಾರಿಯನ್ನು ಇರುವೆಯ ಬಳಿಗೆ ಕಳುಹಿಸಿದನು. ಆದಕಾರಣ ನಾವೂ ನಾಚಿಕೊಳ್ಳದೆ ಊರ ಹೊರಗಿನ ಎಕ್ಕದ ಗಿಡದ ಬಳಿಗೆ ಹೋಗೋಣ. ಅದಕ್ಕೆ ಕಾಸಿನ ಖರ್ಚಿಲ್ಲ, ಯಂತ್ರವೂ ಬೇಕಿಲ್ಲ. ಮಳೆಗಾಲದ ನಂತರ ಒಂದು ಮುಂಜಾನೆ ಅರ್ಧ ತಾಸು ನಿಂತು ನೋಡುವ ತಾಳ್ಮೆ ಇದ್ದರೆ ಸಾಕು.

೧. ಕಹಿಯಾದ ಗಿಡ

ಎಕ್ಕವನ್ನು ಯಾರೂ ಬಿತ್ತುವದಿಲ್ಲ, ಯಾರೂ ಅದಕ್ಕೆ ನೀರು ಹಾಕುವದಿಲ್ಲ. ಬೀಳು ನೆಲ, ದಾರಿಯ ಅಂಚು, ಬಿದ್ದ ಮನೆಯ ಗೋಡೆ, ಇವೇ ಅದರ ತೋಟ. ಸಿಟ್ಟುಗೊಂಡವರು ಒಬ್ಬನ ಮನೆಯಲ್ಲಿ ಎಕ್ಕ ಹುಟ್ಟಲಿ ಎಂದು ಶಪಿಸುವದನ್ನು ನೀವು ಕೇಳಿದ್ದೀರಿ. ಮನೆ ಹಾಳಾಗಿ ಒಲೆ ಆರಿದ ಮೇಲೆಯೇ ಅಲ್ಲಿ ಎಕ್ಕ ಎದ್ದೀತೆಂಬದು ಆ ಶಾಪದ ಅರ್ಥ. ನಮ್ಮ ಹಿಂದೂ ನೆರೆಯವರು ಅದರ ಹೂಗಳನ್ನು ಪೋಣಿಸಿ ಗುಡಿಗೆ ಹಾರ ಮಾಡುತ್ತಾರೆ. ಹೀಗೆ ಶಾಪಕ್ಕೂ ಪೂಜೆಗೂ ಸಲ್ಲುವ ಈ ಗಿಡವನ್ನು ತಿನ್ನುವದಕ್ಕೆ ಮಾತ್ರ ದನಕರುಗಳು ಸಾಮಾನ್ಯವಾಗಿ ಬಾಯಿಡುವದಿಲ್ಲ. ಎಲೆಯನ್ನು ಮುರಿದ ಕೂಡಲೆ ಬೆಳ್ಳಗಿನ ಹಾಲು ಸುರಿಯುತ್ತದೆ. ಹೃದಯದ ಬಡಿತವನ್ನು ಕೆಡಿಸುವ ವಿಷ ಆ ಹಾಲಿನಲ್ಲಿ ಉಂಟು. ಅದು ಕಣ್ಣಿಗೆ ಬಿದ್ದರೆ ದೃಷ್ಟಿಗೆ ಕೇಡು. ಆದದರಿಂದ ಮಕ್ಕಳಿಗೆ ಈ ಗಿಡವನ್ನು ನೋಡಲು ಕಲಿಸುವವರು ಆ ಹಾಲನ್ನು ಮುಟ್ಟದಂತೆಯೂ, ಮುಟ್ಟಿದ ಕೈಯಿಂದ ಕಣ್ಣುಜ್ಜದಂತೆಯೂ ಮೊದಲು ಕಲಿಸಬೇಕು.

ಎಕ್ಕದಲ್ಲಿ ಎರಡು ಜಾತಿಗಳು ಉಂಟು. ಅವುಗಳಲ್ಲಿ ಚಿಕ್ಕದು ನಮ್ಮ ಬಯಲುಸೀಮೆಯಲ್ಲಿ ಮಾತ್ರವಲ್ಲ, ಸತ್ಯವೇದದ ದೇಶದಲ್ಲಿಯೂ, ಲವಣ ಸಮುದ್ರದ ಸುತ್ತಲಿನ ಬಿಸಿಲು ನೆಲದಲ್ಲಿ ಬೆಳೆಯುತ್ತದೆ. ಅಪೊಸ್ತಲರ ಕಾಲದಲ್ಲಿಯೇ ಜೀವಿಸಿದ್ದ ಜೋಸೆಫಸ್ ಎಂಬ ಯೆಹೂದ್ಯ ಚರಿತ್ರೆಗಾರನು ಸೊದೋಮಿನ ಸೀಮೆಯ ಒಂದು ಹಣ್ಣಿನ ವಿಷಯ ಬರೆದಿದ್ದಾನೆ. ನೋಡುವದಕ್ಕೆ ಅದು ತಿನ್ನತಕ್ಕ ಹಣ್ಣಿನಂತಿದ್ದು ಕೈಯಿಂದ ಕಿತ್ತರೆ ಹೊಗೆಯೂ ಬೂದಿಯೂ ಆಗುತ್ತದಂತೆ. ಆ ಹಣ್ಣು ಎಕ್ಕದ ಕಾಯಿಯೇ ಎಂದು ಅನೇಕರು ಎಣಿಸುತ್ತಾರೆ. ಯಾಕಂದರೆ ಈ ಕಾಯಿ ಹೊರಗೆ ಹಸುರಾಗಿ ತುಂಬಿಕೊಂಡಿದ್ದರೂ ಒಳಗೆ ಗಾಳಿಯೂ ಬೀಜಕ್ಕೆ ಅಂಟಿದ ರೇಶ್ಮೆಯಂಥ ಅರಳೆಯೂ ಹೊರತು ಬೇರೇನೂ ಇಲ್ಲ. ಹೀಗೆ ಹೊರಗು ಒಳಗುಗಳ ಪ್ರಶ್ನೆಯನ್ನು ಈ ಗಿಡವು ತನ್ನ ಕಾಯಿಯಲ್ಲಿಯೇ ಇಟ್ಟುಕೊಂಡಿದೆ. ಆದರೆ ಅದರ ಎಲೆಗಳ ಮೇಲೆ ವಾಸಮಾಡುವ ಹುಳಗಳು ಅದನ್ನು ಇನ್ನೂ ಸ್ಪಷ್ಟವಾಗಿ ನಮ್ಮ ಮುಂದಿಡುತ್ತವೆ.

೨. ಬಣ್ಣದ ನಿವಾಸಿಗಳು

ಎಲ್ಲರೂ ಬಿಟ್ಟ ಈ ಗಿಡವನ್ನೇ ಮನೆಮಾಡಿಕೊಂಡಿರುವ ಹುಳಗಳು ಅನೇಕ. ಮೊದಲು ಕಣ್ಣಿಗೆ ಬೀಳುವದು ಎಕ್ಕದ ಮಿಡತೆ. ಹೊಲದ ಮಿಡತೆಯು ಹುಲ್ಲಿನಲ್ಲಿ ಹುಲ್ಲಾಗಿ, ಮಣ್ಣಿನಲ್ಲಿ ಮಣ್ಣಾಗಿ ಅಡಗಿಕೊಳ್ಳುತ್ತದೆ. ಇದಾದರೋ ಹಳದಿ, ನೀಲಿ ಪಟ್ಟೆಗಳನ್ನು ಧರಿಸಿ ಜಾತ್ರೆಗೆ ಹೊರಟಂತೆ ಹಗಲು ಬೆಳಕಿನಲ್ಲಿ ಎಲೆಯ ಮೇಲೆ ಕೂತಿರುತ್ತದೆ. ನಾವು ಹತ್ತಿರ ಹೋದರೂ ಅದಕ್ಕೆ ಅವಸರವಿಲ್ಲ. ಇದರ ಮರಿಯ ಮೈ ಮೇಲೆ ಕಪ್ಪು, ಕೆಂಪು ಚುಕ್ಕೆಗಳುಂಟು. ಅದನ್ನು ಹಿಡಿದು ಅದುಮಿದರೆ ಬೆನ್ನಿನಿಂದ ಒಂದು ದ್ರವವನ್ನು ಎರಡು ಅಂಗುಲಕ್ಕಿಂತಲೂ ದೂರಕ್ಕೆ ಚಿಮ್ಮಿಸುತ್ತದೆ.

ಎರಡನೆಯದು ಒಂದು ಚಿಟ್ಟೆ; ಕೆಲವು ಸೀಮೆಗಳಲ್ಲಿ ಪಾತರಗಿತ್ತಿ ಎನ್ನುತ್ತಾರೆ. ಅದರ ರೆಕ್ಕೆಗಳು ಕಾವಿಯಂಥ ಕೆಂಗಂದು ಬಣ್ಣದವು. ಮುಂದಿನ ರೆಕ್ಕೆಯ ತುದಿ ಕಪ್ಪು, ಆ ಕಪ್ಪಿನಲ್ಲಿ ಒಂದು ಬಿಳಿಯ ಪಟ್ಟೆ. ಹಿಂದಿನ ರೆಕ್ಕೆಯ ನಡುವೆ ಮೂರು ಇಲ್ಲವೆ ನಾಲ್ಕು ಕಪ್ಪು ಬೊಟ್ಟುಗಳು. ಇಂಗ್ಲಿಷರು ಇದಕ್ಕೆ ಪ್ಲೇನ್ ಟೈಗರ್, ಅಂದರೆ ಸಾದಾ ಹುಲಿ, ಎಂದು ಹೆಸರಿಟ್ಟರು. ಐಗುಪ್ತ ದೇಶದಲ್ಲಿ ಸುಮಾರು ೩,೩೦೦ ವರ್ಷಗಳ ಹಿಂದೆ ನೆಬಾಮುನ್ ಎಂಬ ಅಧಿಕಾರಿಯ ಸಮಾಧಿಯ ಗೋಡೆಗೆ ಬರೆದ ಚಿತ್ರದಲ್ಲಿ ಈ ಚಿಟ್ಟೆಯನ್ನು ಗುರುತಿಸಬಹುದು. ಆ ಚಿತ್ರವು ಈಗ ಲಂಡನ್ ಪಟ್ಟಣದ ಬ್ರಿಟಿಷ್ ಮ್ಯೂಸಿಯಮಿನಲ್ಲಿ ಇದೆ.

ಈ ಚಿಟ್ಟೆಯ ತಾಯಿ ಎಲೆಯ ಅಡಿಯಲ್ಲಿ ಒಂದೊಂದಾಗಿ ಮೊಟ್ಟೆಗಳನ್ನು ಅಂಟಿಸುತ್ತದೆ. ಮರಿಹುಳವು ಹೊರಗೆ ಬಂದ ಕೂಡಲೆ ತನ್ನ ಮೊಟ್ಟೆಯ ಸಿಪ್ಪೆಯನ್ನೇ ತಿಂದು ಆಮೇಲೆ ಎಲೆಗೆ ಬಾಯಿ ಹಾಕುತ್ತದೆ. ಅದರ ಮೈಗೆ ಬಿಳಿ, ಹಳದಿ, ಕಪ್ಪು ಬಣ್ಣದ ಪಟ್ಟೆಗಳು; ಬೆನ್ನ ಮೇಲೆ ಮೂರು ಜೊತೆ ಕಪ್ಪು ಎಳೆಗಳು. ಹಾಲು ಬಾಯಿಗೆ ಅಂಟಿಕೊಳ್ಳದಂತೆ ಅದು ಮೊದಲು ಎಲೆಯ ನರವನ್ನು ಕಚ್ಚಿ, ಹಾಲಿನ ಹರಿವನ್ನು ತಡೆದು, ಆಮೇಲೆ ನರದ ಆಚೆಯ ಭಾಗವನ್ನು ಸಮಾಧಾನದಿಂದ ತಿನ್ನುವದನ್ನು ತಾಳ್ಮೆಯುಳ್ಳವರು ಕಣ್ಣಾರೆ ಕಾಣಬಹುದು. ಹೊಟ್ಟೆ ತುಂಬಿದ ಮೇಲೆ ಹಸುರಾದ ನುಣುಪಾದ ಗೂಡಾಗಿ ತೂಗಿಕೊಳ್ಳುತ್ತದೆ. ಕೆಲವು ದಿನಗಳಲ್ಲಿ ರೆಕ್ಕೆಯುಳ್ಳದ್ದಾಗಿ ಹೊರಗೆ ಬರುತ್ತದೆ.

ಇವಲ್ಲದೆ ಎಳೆಯ ಚಿಗುರಿನ ಮೇಲೆ ಅರಿಶಿಣದ ಪುಡಿ ಚೆಲ್ಲಿದ ಹಾಗೆ ಗುಂಪುಕಟ್ಟುವ ಹಳದಿ ಸಸ್ಯಹೇನುಗಳೂ, ಅವುಗಳನ್ನು ತಿನ್ನುವದಕ್ಕೆ ಬರುವ ಗುಲಗಂಜಿ ಹುಳಗಳೂ, ಬೀಜದ ರಸ ಹೀರುವ ಕೆಂಪು ಕಪ್ಪು ಬಣ್ಣದ ತಿಗಣೆಗಳೂ ಉಂಟು. ಒಂದೇ ಗಿಡದ ಮೇಲೆ ಕೆಂಪು, ಹಳದಿ, ಕಪ್ಪು ಬಣ್ಣಗಳು ಇಷ್ಟು ಸಾರಿ ಕಾಣುವದು ಯಾಕೆ? ಅಡಗಿಕೊಂಡು ಬದುಕುವ ಹುಳಗಳೇ ಹೆಚ್ಚಾಗಿರುವಾಗ ಇವು ಮಾತ್ರ ಹೀಗೆ ಬಯಲಲ್ಲಿ ನಿಲ್ಲುವದು ಹೇಗೆ?

೩. ಗುರುತಿನ ಬೆಲೆ

ಇದಕ್ಕೆ ಉತ್ತರವು ಗಿಡದ ಹಾಲಿನಲ್ಲಿಯೇ ಉಂಟು. ಈ ಹುಳಗಳಲ್ಲಿ ಹಲವು ಎಕ್ಕದ ವಿಷವನ್ನು ತಿಂದೂ ಸಾಯುವದಿಲ್ಲ. ಅದನ್ನು ತಮ್ಮ ಮೈಯಲ್ಲಿ ಕೂಡಿಸಿ ಇಟ್ಟುಕೊಳ್ಳುತ್ತವೆ. ಬಾಸೆಲ್ ಎಂಬ ಪಟ್ಟಣದ ಹೆಸರು ನಮ್ಮ ಸಭೆಗಳಿಗೆ ಹೊಸದಲ್ಲ. ೧೮೩೪ರಲ್ಲಿ ಮಂಗಳೂರಿಗೆ ಬಂದ ಮಿಶನರಿಗಳನ್ನು ಕಳುಹಿಸಿದ ಮಂಡಳಿಯು ಆ ಪಟ್ಟಣದ್ದೇ. ಅದೇ ಬಾಸೆಲಿನಲ್ಲಿ ಕೆಲಸಮಾಡುತ್ತಿದ್ದ ರೈಖ್‌ಸ್ಟೈನ್ ಎಂಬ ರಸಾಯನ ಶಾಸ್ತ್ರಜ್ಞರೂ, ಇಂಗ್ಲೆಂಡಿನ ಮಿರಿಯಮ್ ರಾತ್‌ಚೈಲ್ಡ್ ಎಂಬ ವಿದ್ವಾಂಸ ಮಹಿಳೆಯೂ ತಮ್ಮ ಸಂಗಡಿಗರೊಂದಿಗೆ ಈ ವಿಷವನ್ನು ಹುಡುಕಿದರು. ೧೯೬೭ರಲ್ಲಿ ನಮ್ಮ ಎಕ್ಕದ ಮಿಡತೆಯ ಹತ್ತಿರದ ಬಂಧುವಾದ ಇನ್ನೊಂದು ಮಿಡತೆಯಲ್ಲಿಯೂ, ೧೯೬೮ರಲ್ಲಿ ನಮ್ಮ ಸಾದಾ ಹುಲಿಯ ಬಂಧುವಾದ ಮೊನಾರ್ಕ್ ಎಂಬ ಅಮೆರಿಕದ ಚಿಟ್ಟೆಯಲ್ಲಿಯೂ ಗಿಡದ ಅದೇ ಹೃದಯವಿಷವು ಇರುವದೆಂದು ಪ್ರಕಟಿಸಿದರು.

ಈಗ ಬಣ್ಣದ ಕೆಲಸವನ್ನು ನೋಡಿರಿ. ಒಂದು ಎಳೆಯ ಹಕ್ಕಿ ಈ ಚಿಟ್ಟೆಯನ್ನು ಮೊದಲನೆಯ ಸಾರಿ ಹಿಡಿದು ತಿನ್ನುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅದಕ್ಕೆ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ಆ ಮೇಲೆ ಅದು ಆ ಬಣ್ಣವನ್ನು ಮರೆಯುವದಿಲ್ಲ. ಮುಂದೆ ಕಂಡರೂ ಮುಟ್ಟುವದಿಲ್ಲ. ಹಾಗಾದರೆ ಆ ಬಣ್ಣಕ್ಕೆ ಬೆಲೆ ಬಂದದ್ದು ಎಲ್ಲಿಂದ? ಬಣ್ಣದಿಂದಲೇ ಅಲ್ಲ. ಬಣ್ಣದ ಹಿಂದೆ ಸತ್ಯವಿದೆ ಎಂದು ಹಿಂದೆ ಒಂದು ಚಿಟ್ಟೆ ತನ್ನ ಪ್ರಾಣವನ್ನೇ ಕೊಟ್ಟು ತೋರಿಸಿದ್ದರಿಂದ ಬಂದದ್ದು. ಇಂದು ನಿರ್ಭಯವಾಗಿ ಹಾರುವ ಚಿಟ್ಟೆಗಳು ನಿನ್ನೆ ಸತ್ತವುಗಳ ದೆಸೆಯಿಂದ ಹಾರುತ್ತವೆ.

ಇನ್ನೊಂದು ಸಂಗತಿಯೂ ಉಂಟು. ಬ್ರೆಜಿಲ್ ದೇಶದಲ್ಲಿ ನೆಲೆಸಿದ್ದ ಫ್ರಿಟ್ಸ್ ಮ್ಯುಲ್ಲರ್ ಎಂಬ ಜರ್ಮನ್ ವಿದ್ವಾಂಸರು ೧೮೭೮ರಲ್ಲಿ ಇದನ್ನು ವಿವರಿಸಿದರು. ಕಹಿಯಾದ ಎರಡು ಜಾತಿಗಳು ಬೇರೆ ಬೇರೆ ಬಣ್ಣ ಧರಿಸಿದರೆ ಹಕ್ಕಿಗಳಿಗೆ ಕಲಿಸುವ ನಷ್ಟವನ್ನು ಒಂದೊಂದು ಜಾತಿಯೂ ಪೂರ್ತಿಯಾಗಿ ತಾನೇ ಹೊರಬೇಕು. ಎರಡೂ ಒಂದೇ ಬಗೆಯ ಬಣ್ಣ ಧರಿಸಿದರೆ ಆ ನಷ್ಟವು ಎರಡಕ್ಕೂ ಹಂಚಿಹೋಗುತ್ತದೆ. ಸತ್ಯವಂತರು ಒಂದೇ ಗುರುತನ್ನು ಹೊತ್ತರೆ ಒಬ್ಬನ ಕಷ್ಟವು ಮತ್ತೊಬ್ಬನಿಗೆ ರಕ್ಷಣೆಯಾಗುತ್ತದೆ. ಒಂದು ಸಭೆಯವರು ಒಂದೇ ಹೆಸರಿನಿಂದ ಕರೆಯಲ್ಪಡುವದರಲ್ಲಿ ಈ ಲಾಭವು ಅಡಗಿದೆ ಎಂಬದನ್ನು ಮುಂದೆ ನೋಡುವೆವು.

೪. ಸಾಲ ತಂದ ಬಟ್ಟೆ

ಎಕ್ಕದ ಸುತ್ತಮುತ್ತ ಹಾರುವ ಕೆಂಗಂದು ಚಿಟ್ಟೆಗಳನ್ನು ಲಕ್ಷ್ಯಕೊಟ್ಟು ನೋಡಿದರೆ ಅವುಗಳಲ್ಲಿ ಒಂದೊಂದು ಬೇರೆ ಜಾತಿಯದಾಗಿರುವದು ಗೊತ್ತಾಗುತ್ತದೆ. ಅದೇ ಕಾವಿ ಬಣ್ಣ, ಅದೇ ಕಪ್ಪು ತುದಿ, ಅದೇ ಬಿಳಿಯ ಪಟ್ಟೆ. ಆದರೆ ಹಿಂದಿನ ರೆಕ್ಕೆಯ ನಡುವೆ ಮೂರು ನಾಲ್ಕು ಬೊಟ್ಟುಗಳಿಲ್ಲ. ಮುಂದಿನ ಅಂಚಿನಲ್ಲಿ ಒಂದೇ ಬೊಟ್ಟು ಉಂಟು. ಇದು ಡ್ಯಾನಾಯಿಡ್ ಎಗ್‌ಫ್ಲೈ ಎಂಬ ಚಿಟ್ಟೆಯ ಹೆಣ್ಣು. ಇದರ ಗಂಡನ್ನು ನೋಡಿದರೆ ಒಂದೇ ಕುಲದ್ದೆಂದು ಯಾರೂ ನಂಬರು. ಅದು ಕಪ್ಪು ಬಣ್ಣದ್ದು, ಅದರ ಮೇಲೆ ನೇರಳೆ ಅಂಚಿನ ದೊಡ್ಡ ಬಿಳಿ ಬೊಟ್ಟುಗಳು. ಹೆಣ್ಣು ಮಾತ್ರ ಸಾದಾ ಹುಲಿಯ ವೇಷವನ್ನು ತೊಟ್ಟಿದೆ. ಇದರ ಮರಿಗಳು ಎಕ್ಕವನ್ನು ಮುಟ್ಟುವದಿಲ್ಲ. ನಮ್ಮ ಹೆಣ್ಣುಮಕ್ಕಳು ಹೊಲದಿಂದ ಕಿತ್ತು ತಂದು ಸಾರು ಮಾಡುವ ಗೋಣಿಸೊಪ್ಪು ಮೊದಲಾದ ಮೆತ್ತಗಿನ ಸೊಪ್ಪುಗಳನ್ನು ತಿಂದು ಬೆಳೆಯುತ್ತವೆ. ಆದಕಾರಣ ಅದರ ಮೈಯಲ್ಲಿ ಎಕ್ಕದ ಕಹಿ ಇಲ್ಲ. ಹಕ್ಕಿಗೆ ಅದು ಒಳ್ಳೇ ಆಹಾರವೇ. ಹಾಗಿದ್ದರೂ ಕಹಿಯನ್ನು ಒಮ್ಮೆ ಉಂಡ ಹಕ್ಕಿ ಅದನ್ನು ಕಂಡು ಬಿಟ್ಟುಬಿಡುತ್ತದೆ.

ಹೆನ್ರಿ ವಾಲ್ಟರ್ ಬೇಟ್ಸ್ ಎಂಬ ಇಂಗ್ಲಿಷ್ ವಿದ್ವಾಂಸರು ೧೮೪೮ರಿಂದ ೧೮೫೯ರ ವರೆಗೆ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಕಾಡುಗಳಲ್ಲಿ ಹುಳಗಳನ್ನು ಕೂಡಿಸಿ, ಈ ತರದ ಅನುಕರಣದ ಅರ್ಥವನ್ನು ೧೮೬೨ರಲ್ಲಿ ಪ್ರಕಟಿಸಿದರು. ಅದರಲ್ಲಿ ನಮಗೆ ಮುಖ್ಯವಾದ ಒಂದು ನಿಯಮವುಂಟು. ವೇಷಧಾರಿಗಳು ಸ್ವಲ್ಪವೇ ಇದ್ದು ನಿಜವಾದವುಗಳು ಬಹಳವಾಗಿದ್ದರೆ ಮಾತ್ರ ವೇಷವು ಸಾಗುತ್ತದೆ. ವೇಷಧಾರಿಗಳು ಹೆಚ್ಚಿದ ಹಾಗೆ, ಆ ಬಣ್ಣವನ್ನು ತಿಂದು ರುಚಿಕಂಡ ಹಕ್ಕಿಗಳೂ ಹೆಚ್ಚುತ್ತವೆ. ಆಗ ಬಣ್ಣವನ್ನು ಯಾರೂ ಲಕ್ಷ್ಯಮಾಡರು. ಆ ನಷ್ಟವು ವೇಷಧಾರಿಗೆ ಮಾತ್ರ ಅಲ್ಲ, ಒಳಗೆ ನಿಜವಾಗಿ ಕಹಿಯುಳ್ಳ ಚಿಟ್ಟೆಗೂ ತಟ್ಟುತ್ತದೆ.

೫. ಹುಳವು ಸುಳ್ಳು ಹೇಳುತ್ತದೋ?

ಇಲ್ಲಿ ವಿಚಾರವಂತರು ಒಂದು ಆಕ್ಷೇಪಣೆ ತರಬಹುದು. ದೇವರು ತಾನೇ ಉಂಟುಮಾಡಿದ ಚಿಟ್ಟೆಗೆ ಇಂಥ ವೇಷ ಕೊಟ್ಟಿರುವಾಗ ವೇಷಧಾರಣೆಯಲ್ಲಿ ತಪ್ಪೇನು? ಸೃಷ್ಟಿಯೇ ಮೋಸ ಕಲಿಸುತ್ತದಲ್ಲವೇ?

ಇದಕ್ಕೆ ಉತ್ತರವು ಹೀಗೆ. ಸುಳ್ಳು ಎಂಬದು ಬಣ್ಣದಲ್ಲಿಲ್ಲ, ಮನಸ್ಸಿನಲ್ಲಿದೆ. ನಿಜ ಇದು, ನಾನು ತೋರಿಸುವದು ಅದು ಎಂದು ತಿಳಿದು, ನೆರೆಯವನು ಮೋಸಹೋಗಲೆಂದು ಬಯಸುವವನೇ ಸುಳ್ಳುಗಾರ. ಚಿಟ್ಟೆಗೆ ಈ ತಿಳುವಳಿಕೆಯೂ ಇಲ್ಲ, ಈ ಬಯಕೆಯೂ ಇಲ್ಲ. ತನ್ನ ರೆಕ್ಕೆಯ ಬಣ್ಣವನ್ನು ಅದು ಆರಿಸಿಕೊಳ್ಳಲಿಲ್ಲ, ಬದಲಾಯಿಸಲಾರದು. ಆದದರಿಂದ ಅದರಲ್ಲಿ ಪಾಪವಿಲ್ಲ. ಅದೇ ಪ್ರಕಾರ ಸಾದಾ ಹುಲಿಗೆ ಪ್ರಾಮಾಣಿಕತೆಯ ಪುಣ್ಯವೂ ಇಲ್ಲ. ಹುಳಗಳಿಂದ ನಾವು ಕಲಿಯಬೇಕಾದದ್ದು ಗುರುತು ಎಂಬದರ ಸ್ವಭಾವ. ನಮ್ಮ ನಡತೆಗೆ ಅಪ್ಪಣೆಯನ್ನು ನಾವು ಹುಳಗಳಿಂದ ತಕ್ಕೊಳ್ಳುವದಿಲ್ಲ. ಚಿಟ್ಟೆಗೆ ನಿರ್ದೋಷವಾಗಿರುವದು ಮನುಷ್ಯನಿಗೆ ದೋಷವಾಗುವದು ಯಾಕಂದರೆ ಮನುಷ್ಯನಿಗೆ ತಿಳಿದಿದೆ.

ಮತ್ತೊಬ್ಬರು ಕೇಳಬಹುದು: ಈ ಹುಳಗಳ ಗುರುತು ವಿಷದ ಗುರುತು, ಕ್ರೈಸ್ತನು ತನ್ನ ನೆರೆಯವರಿಗೆ ವಿಷವಾಗಬೇಕೋ? ಹಾಗಲ್ಲ. ಸಾಮ್ಯದಲ್ಲಿ ಎಲ್ಲವೂ ಹೊಂದಬೇಕೆಂಬ ನಿಯಮವಿಲ್ಲ. ನಮ್ಮ ಕರ್ತನು ತಾನು ಕಳ್ಳನ ಹಾಗೆ ಬರುವೆನೆಂದು ಹೇಳಿದಾಗ ಕಳ್ಳತನವನ್ನು ಹೊಗಳಲಿಲ್ಲವಷ್ಟೆ; ತನ್ನ ಬರುವಿಕೆಯ ಸಮಯವು ತಿಳಿಯದೆಂಬ ಒಂದೇ ವಿಷಯವನ್ನು ಕಲಿಸಿದನು. ಇಲ್ಲಿಯೂ ಒಳಗಿರುವದೂ ಹೊರಗೆ ಕಾಣುವದೂ ಒಂದಾಗಿರಬೇಕೆಂಬ ಒಂದೇ ವಿಷಯವನ್ನು ತಕ್ಕೊಳ್ಳೋಣ.

೬. ಬೇರೊಬ್ಬರ ಭರವಸೆಯನ್ನು ಖರ್ಚುಮಾಡುವವರು

ಅಂತಿಯೋಕ್ಯದಲ್ಲಿ ಶಿಷ್ಯರಿಗೆ ಮೊದಲು ಕ್ರೈಸ್ತರೆಂಬ ಹೆಸರು ಬಂದಾಗ ಆ ಹೆಸರಿಗೆ ಪೇಟೆಯಲ್ಲಿ ಯಾವ ಬೆಲೆಯೂ ಇರಲಿಲ್ಲ. ಅದನ್ನು ಹೊತ್ತವರು ಪೆಟ್ಟು ತಿಂದರು, ಆಸ್ತಿ ಕಳಕೊಂಡರು, ಕೆಲವರು ಪ್ರಾಣವನ್ನೇ ಕೊಟ್ಟರು. ನಮ್ಮ ಊರುಗಳಲ್ಲಿಯೂ ಮೊದಲು ದೀಕ್ಷಾಸ್ನಾನ ಹೊಂದಿದವರಲ್ಲಿ ಎಷ್ಟೋ ಮಂದಿ ಬಾವಿಯ ನೀರಿಗೂ, ಹೊಲದ ಪಾಲಿಗೂ, ತಾಯಿಯ ಮುಖಕ್ಕೂ ದೂರವಾದರು. ಹಾಗಿದ್ದರೂ ಅವರು ಅಳತೆಯಲ್ಲಿ ಕಡಿಮೆ ಮಾಡಲಿಲ್ಲ, ಸಾಕ್ಷಿಯಲ್ಲಿ ಸುಳ್ಳಾಡಲಿಲ್ಲ, ತಕ್ಕೊಂಡ ಸಾಲವನ್ನು ತಿರುಗಿಸಿ ಕೊಟ್ಟರು. ಕಾಲಕ್ರಮದಲ್ಲಿ ಆ ಹೆಸರಿಗೆ ಬೆಲೆ ಬಂತು. ಇವನು ಸಭೆಯವನು, ಇವನ ಮಾತು ನಂಬಬಹುದು ಎಂದು ಪರರೇ ಹೇಳುವ ಕಾಲ ಬಂತು. ಆ ಬೆಲೆಯನ್ನು ಸಂಪಾದಿಸಿದವರು ನಾವಲ್ಲ. ನಾವು ಅದರ ಬಾಧ್ಯರು ಮಾತ್ರ.

ಮಂಗಳೂರಿನಲ್ಲಿ ಬಾಸೆಲ್ ಮಿಶನಿನವರು ೧೮೬೫ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅಲ್ಲಿಯ ಹಂಚುಗಳ ಮೇಲೆ ಮಿಶನಿನ ಹೆಸರನ್ನು ಒತ್ತುತ್ತಿದ್ದರು. ಹಳೇ ಮನೆಗಳ ಮಾಡಿನಲ್ಲಿ ಇಂದಿಗೂ ಅದನ್ನು ಓದಬಹುದು. ಆ ಅಕ್ಷರಗಳು ಮಳೆಯನ್ನು ತಡೆಯಲಿಲ್ಲ. ಮಳೆಯನ್ನು ತಡೆದದ್ದು ಚೆನ್ನಾಗಿ ಹದಮಾಡಿ ಸುಟ್ಟ ಮಣ್ಣು. ಆದರೆ ಕೊಳ್ಳುವವನು ಭಟ್ಟಿಯನ್ನು ನೋಡಲಾರನು. ಅಕ್ಷರಗಳನ್ನೇ ನೋಡಿ ಕೊಳ್ಳುತ್ತಾನೆ. ಅರೆಬೆಂದ ಹಂಚಿನ ಮೇಲೆ ಒಬ್ಬನು ಅದೇ ಅಕ್ಷರ ಒತ್ತಿ ಮಾರಿದರೆ ಏನಾಗುತ್ತದೆ? ಮೊದಲನೆಯ ಮಳೆಗೆ ಒಂದು ಮನೆ ಸೋರುತ್ತದೆ. ಎರಡನೆಯ ವರ್ಷ ಒಳ್ಳೇ ಹಂಚನ್ನೂ ಯಾರೂ ಕೊಳ್ಳುವದಿಲ್ಲ.

ಪ್ರವಾದಿಯಾದ ಎಲೀಷನ ಸೇವಕನಾದ ಗೇಹಜಿಯ ಕಥೆಯನ್ನು ನೆನಸಿರಿ. ನಾಮಾನನ ಕುಷ್ಠವು ವಾಸಿಯಾದಾಗ ಪ್ರವಾದಿಯು ಒಂದು ಕಾಸನ್ನೂ ಮುಟ್ಟಲಿಲ್ಲ. ದೇವರ ಕೃಪೆಯು ಮಾರಾಟಕ್ಕಿಲ್ಲವೆಂಬದು ಆ ಪರದೇಶಿಗೆ ತಿಳಿಯುವದಕ್ಕೆ ಅದೇ ಸಾಕ್ಷಿ. ಗೇಹಜಿಯಾದರೋ ರಥದ ಹಿಂದೆ ಓಡಿ, ಯಜಮಾನನೇ ಕಳುಹಿಸಿದನೆಂದು ಹೇಳಿ ಬೆಳ್ಳಿಯನ್ನೂ ಬಟ್ಟೆಗಳನ್ನೂ ತಂದನು. ಅವನು ಕದ್ದದ್ದು ಬೆಳ್ಳಿಯನ್ನು ಮಾತ್ರವೋ? ನಾಮಾನನು ಸಂತೋಷದಿಂದಲೇ ಕೊಟ್ಟನು. ಗೇಹಜಿಯು ಖರ್ಚುಮಾಡಿದ್ದು ಎಲೀಷನ ಹೆಸರನ್ನು. ಆ ಹೆಸರಿನ ಮೂಲಕ ಇಸ್ರಾಯೇಲಿನ ದೇವರ ಮೇಲೆ ಒಬ್ಬ ಅನ್ಯನಿಗೆ ಹುಟ್ಟಿದ್ದ ಭರವಸೆಯನ್ನು.

ಪ್ರಿಯ ವಾಚಕರೇ, ನಮ್ಮ ಮಧ್ಯದಲ್ಲಿ ಇದು ಹೇಗೆ ನಡೆಯುತ್ತದೆಂದು ಬಿಚ್ಚಿ ಹೇಳಬೇಕೋ? ಸಭೆಯ ಹೆಸರು ಹೇಳಿ ಬೀಜದ ಕಾಳು ಸಾಲ ತಂದು ತಿರುಗಿ ಕೊಡದವನೊಬ್ಬನು ಉಂಟೆಂದು ಎಣಿಸಿರಿ. ವ್ಯಾಪಾರಿಗೆ ಎರಡು ಸೇರು ನಷ್ಟ. ಅದನ್ನು ಅವನು ಮುಂದಿನ ಸಂತೆಯಲ್ಲಿ ತುಂಬಿಕೊಳ್ಳುವನು. ನಿಜವಾದ ನಷ್ಟವು ಆ ಬೀದಿಯ ಕೊನೆಯಲ್ಲಿರುವ ವಿಧವೆಗೆ. ಮಳೆ ತಪ್ಪಿದ ವರ್ಷ ಅವಳು ಮಕ್ಕಳನ್ನು ಕಟ್ಟಿಕೊಂಡು ಅದೇ ಅಂಗಡಿಗೆ ಹೋಗುತ್ತಾಳೆ. ಅವಳ ಕೈಯಲ್ಲಿ ಒತ್ತೆ ಇಡುವದಕ್ಕೆ ಚಿನ್ನವಿಲ್ಲ, ಭೂಮಿಯಿಲ್ಲ. ಅವಳಿಗಿರುವದು ಒಂದೇ ಒತ್ತೆ, ಕ್ರೈಸ್ತಳೆಂಬ ಹೆಸರು. ನಿಮ್ಮವರ ಮಾತು ನಮಗೆ ಗೊತ್ತು, ತಾಯಿ, ಎಂದು ವ್ಯಾಪಾರಿ ತಕ್ಕಡಿಯನ್ನು ಒಳಗಿಡುತ್ತಾನೆ. ಅವಳು ಸುಳ್ಳಾಡಲಿಲ್ಲ, ಸಾಲ ಮುಳುಗಿಸಲಿಲ್ಲ. ಆದರೂ ಆ ರಾತ್ರಿ ಅವಳ ಒಲೆ ಹೊತ್ತುವದಿಲ್ಲ. ವೇಷಧಾರಿಯು ತಿಂದ ಕಾಳಿನ ಕ್ರಯವನ್ನು ಸತ್ಯವಂತಳು ತೆರುತ್ತಾಳೆ. ಕಪಟವು ದೇವರಿಗೂ ಮನುಷ್ಯನಿಗೂ ನಡುವಿನ ಲೆಕ್ಕ ಮಾತ್ರವೆಂದು, ಅದರಿಂದ ಯಾರಿಗೂ ಕೇಡಿಲ್ಲವೆಂದು ಹೇಳುವವರು ಈ ಒಲೆಯನ್ನು ನೋಡಲಿ.

೭. ಒಂದೇ ತಾಯಿಯ ಮಕ್ಕಳಲ್ಲಿ

ಈ ವರೆಗೆ ಹೇಳಿದ್ದನ್ನು ಓದಿ ಕೆಲವರು ಸಮಾಧಾನಪಟ್ಟುಕೊಂಡಾರು: ನಾವು ಹೊರಗಿನಿಂದ ವೇಷ ತೊಟ್ಟು ಬಂದವರಲ್ಲ, ನಮ್ಮ ಅಜ್ಜನ ಕಾಲದಿಂದ ಸಭೆಯವರು, ನಮ್ಮ ಹೆಸರು ಸಭೆಯ ಪುಸ್ತಕದಲ್ಲಿ ಉಂಟು ಎಂದು. ಅಂಥವರಿಗೆ ಚಿಟ್ಟೆಯು ಇನ್ನೊಂದು ಪಾಠವನ್ನು ಇಟ್ಟಿದೆ. ಇದು ಮೊದಲಿನದಕ್ಕಿಂತ ಕಠಿಣವಾದದ್ದು.

ಮೊನಾರ್ಕ್ ಎಂಬ ಆ ಅಮೆರಿಕದ ಚಿಟ್ಟೆಯ ವಿಷಯವಾಗಿ ಅಲ್ಲಿಯ ಲಿಂಕನ್ ಬ್ರೋವರ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಒಂದು ಪರೀಕ್ಷೆ ನಡಿಸಿ ೧೯೬೭ರಲ್ಲಿ ಪ್ರಕಟಿಸಿದರು. ಆ ಚಿಟ್ಟೆಯ ಮರಿಗಳನ್ನು ಹಾಲುಗಿಡಕ್ಕೆ ಬದಲಾಗಿ ಕೋಸಿನ ಎಲೆ ತಿನ್ನಿಸಿ ಬೆಳಸಿದರು. ಕಷ್ಟದಿಂದ ಅದು ಸಾಧ್ಯವಾಯಿತು. ಹೊರಗೆ ಬಂದ ಚಿಟ್ಟೆಗಳು ತಾಯಿಯಂತೆಯೇ ಇದ್ದವು. ಬಣ್ಣದಲ್ಲಿ ಗೆರೆಯಷ್ಟೂ ವ್ಯತ್ಯಾಸವಿಲ್ಲ. ಆದರೆ ಹಕ್ಕಿಗಳು ಅವುಗಳನ್ನು ತಿಂದವು; ಏನೂ ಆಗಲಿಲ್ಲ. ವಿಷವುಳ್ಳ ಹಾಲುಗಿಡವನ್ನು ತಿಂದು ಬೆಳೆದವುಗಳನ್ನು ತಿಂದ ಹಕ್ಕಿಗಳಾದರೋ ವಾಂತಿಮಾಡಿದವು. ಇದರಿಂದ ತಿಳಿದುಬಂದದ್ದೇನೆಂದರೆ, ಬಣ್ಣವು ತಾಯಿಯಿಂದ ಬರುತ್ತದೆ, ಕಹಿಯು ತಾಯಿಯಿಂದ ಬರುವದಿಲ್ಲ. ಅದನ್ನು ಒಂದೊಂದು ಮರಿಯೂ ತಾನೇ ತಿಂದು ಸಂಪಾದಿಸಬೇಕು. ನಮ್ಮ ಸಾದಾ ಹುಲಿಯಲ್ಲಿಯೂ ಎಲ್ಲವೂ ಸಮಾನವಾಗಿ ಕಹಿಯಾದವಲ್ಲ. ಅದರ ಮರಿಗಳು ಎಕ್ಕದ ಕುಲದ ಬೇರೆ ಬೇರೆ ಗಿಡಬಳ್ಳಿಗಳನ್ನು ತಿನ್ನುತ್ತವೆ. ಕೆಲವುಗಳಲ್ಲಿ ವಿಷವು ಬಹಳ, ಕೆಲವುಗಳಲ್ಲಿ ಅತ್ಯಲ್ಪ. ಹೀಗೆ ಒಂದೇ ಜಾತಿಯಲ್ಲಿ, ಒಂದೇ ತಾಯಿಯ ಮಕ್ಕಳಲ್ಲಿ, ಒಂದು ತುಂಬಿದ್ದೂ ಇನ್ನೊಂದು ಬರಿದಾದದ್ದೂ ಆಗಿ ಜೊತೆಯಾಗಿ ಹಾರುತ್ತವೆ.

ಸಹೋದರರೇ, ಹೆಸರು ತಂದೆತಾಯಿಗಳಿಂದ ಬರುತ್ತದೆ. ನಂಬಿಕೆಯು ಹಾಗೆ ಬರುವದಿಲ್ಲ. ಹೆಸರನ್ನು ಕೊಳ್ಳುವದಕ್ಕೆ ಅಜ್ಜನು ಹೊಲ ಕಳಕೊಂಡನು. ಮೊಮ್ಮಗನಿಗೆ ಅದು ಹುಟ್ಟುವಾಗಲೇ ಬಂತು. ಆ ಮೊಮ್ಮಗನು ದೇವರ ವಾಕ್ಯವನ್ನು ತಾನೇ ತಿನ್ನದೆ, ಪ್ರಾರ್ಥನೆಯಲ್ಲಿ ತಾನೇ ಮೊಣಕಾಲೂರದೆ ಬೆಳೆದರೆ, ರೆಕ್ಕೆಯಲ್ಲಿ ಅಜ್ಜನ ಬಣ್ಣ, ಒಳಗೆ ಕೋಸಿನ ರಸ. ಸ್ಕೇವನ ಏಳು ಮಂದಿ ಮಕ್ಕಳು ಯಾಜಕನ ಮನೆಯವರು. ಪೌಲನು ಸಾರುವ ಯೇಸುವಿನ ಹೆಸರನ್ನು ಬಾಯಲ್ಲಿ ಹೇಳಿ ದೆವ್ವ ಬಿಡಿಸಹೋದರು. ದೆವ್ವಕ್ಕೆ ಯೇಸುವಿನ ಗುರುತೂ ಇತ್ತು, ಪೌಲನ ಪರಿಚಯವೂ ಇತ್ತು. ಇವರು ಯಾರೆಂಬದು ಮಾತ್ರ ಅದಕ್ಕೆ ತಿಳಿಯಲಿಲ್ಲ. ಗಾಯಪಟ್ಟು ಬತ್ತಲೆಯಾಗಿ ಓಡಿದರು. ಶೋಧನೆಯ ದಿನದಲ್ಲಿ ಅಪ್ಪನ ಹೆಸರು ಹೇಳಿದರೆ ಸಾ‌ಲದು.

ಇನ್ನೊಂದನ್ನು ತಾಯಂದಿರು ಮನಸ್ಸಿಗೆ ತರಬೇಕು. ಚಿಟ್ಟೆಯು ಎಕ್ಕದ ಕಹಿಯನ್ನು ಕೂಡಿಸುವದು ರೆಕ್ಕೆ ಬಂದ ಮೇಲೆ ಅಲ್ಲ, ಎಲೆಯ ಮೇಲೆ ತೆವಳುವ ಮರಿಯಾಗಿರುವಾಗಲೇ. ರೆಕ್ಕೆ ಬಂದ ಮೇಲೆ ಅದಕ್ಕೆ ಎಲೆ ಕಚ್ಚುವ ಬಾಯಿಯೇ ಇರುವದಿಲ್ಲ. ಹೂವಿನ ಜೇನು ಹೀರುವ ಕೊಳವೆ ಮಾತ್ರ. ಮಕ್ಕಳು ದೊಡ್ಡವರಾದ ಮೇಲೆ ತಾವೇ ಕಲಿಯಲಿ ಎಂದು ಮನೆಯ ಪ್ರಾರ್ಥನೆಯನ್ನು ಬಿಟ್ಟವರು ಇದನ್ನು ಯೋಚಿಸಲಿ.

೮. ಅಡಗಿಕೊಂಡವರ ವಿಷಯ

ಹಾಗಾದರೆ ವೇಷದ ಭಯದಿಂದ ಹೆಸರನ್ನೇ ಬಿಟ್ಟು, ಒಳಗೆ ನಂಬಿಕೆಯನ್ನಿಟ್ಟುಕೊಂಡು ಸುಮ್ಮಗಿರುವದು ಉತ್ತಮವಲ್ಲವೋ? ಕೆಲವರು ಹೀಗೆ ಇದ್ದಾರೆ. ಮನೆಯವರ ಭಯ, ಊರ ಭಯ, ಮಗಳ ಮದುವೆಯ ಚಿಂತೆ ಅವರನ್ನು ಕಟ್ಟಿಹಾಕಿದೆ. ಅವರನ್ನು ನಿಂದಿಸುವದಕ್ಕೆ ನಾವು ಯಾರು? ನಿಕೊದೇಮನು ರಾತ್ರಿಯಲ್ಲಿ ಬಂದನು, ಕರ್ತನು ಅವನನ್ನು ತಳ್ಳಿಬಿಡಲಿಲ್ಲ. ಅರಿಮಥಾಯದ ಯೋಸೇಫನು ಬಹು ಕಾಲ ಗುಪ್ತ ಶಿಷ್ಯನಾಗಿದ್ದನು.

ಆದರೂ ಅಡಗಿರುವ ಕಹಿಯು ಯಾವ ಹಕ್ಕಿಗೂ ಏನನ್ನೂ ಕಲಿಸುವದಿಲ್ಲ. ಗುರುತಿಲ್ಲದ ಸತ್ಯವು ತನಗೆ ತಕ್ಕಷ್ಟು ಇದ್ದೀತು, ಜೊತೆಯವನಿಗೆ ಆಸರೆಯಾಗದು. ನಷ್ಟವನ್ನು ಹಂಚಿಕೊಳ್ಳುವದಕ್ಕಾಗಿಯೇ ಒಂದೇ ಗುರುತು ಬೇಕೆಂದು ಮೇಲೆ ಹೇಳಿದೆವಲ್ಲಾ. ಒಬ್ಬ ಬಡವನು ಒಬ್ಬಂಟಿಗನಾಗಿ ಹೆಸರು ಹೊತ್ತು ಹೀನಾಯವನ್ನು ತಾಳುತ್ತಿರುವಾಗ, ಅವನಂತೆಯೇ ನಂಬುವ ಹತ್ತು ಮಂದಿ ಬಾಗಿಲ ಹಿಂದೆ ನಿಂತರೆ ಅವನ ಭಾರವು ಹತ್ತು ಪಾಲು. ಇದನ್ನು ಯೋಸೇಫನು ತಿಳಿದನು. ಶಿಷ್ಯರೆನಿಸಿಕೊಂಡವರೇ ಓಡಿಹೋದ ದಿನ ಅವನು ಧೈರ್ಯತಂದುಕೊಂಡು ಪಿಲಾತನ ಮುಂದೆ ಹೋಗಿ ಯೇಸುವಿನ ದೇಹವನ್ನು ಬೇಡಿದನು. ರಾತ್ರಿಯಲ್ಲಿ ಬಂದಿದ್ದ ನಿಕೊದೇಮನು ಸುಗಂಧದ್ರವ್ಯಗಳನ್ನು ಹೊತ್ತು ಅವನ ಜೊತೆಗೂಡಿದನು.

೯. ಬರಿದಾದವನು ಏನು ಮಾಡಬೇಕು?

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹೇಳಬಹುದು. ಹೊರಗಿನ ಗುರುತು ವ್ಯರ್ಥವಲ್ಲ; ಅದು ಬಹು ಬೆಲೆಯುಳ್ಳದ್ದು. ಆದರೆ ಅದರ ಬೆಲೆಯು ಅದನ್ನು ಹೊತ್ತವನದಲ್ಲ. ಅವನಿಗಿಂತ ಮುಂಚೆ ಅದನ್ನು ಸತ್ಯವಾಗಿ ಹೊತ್ತವರದು, ಅವನ ಸಂಗಡ ಈಗ ಅದನ್ನು ಹೊತ್ತಿರುವ ಬಡವರದು, ಎಲ್ಲಕ್ಕಿಂತ ಹೆಚ್ಚಾಗಿ, ತನ್ನ ರಕ್ತದಿಂದ ಅದನ್ನು ಕೊಂಡ ಕರ್ತನದು. ಅದನ್ನು ಬರಿದಾಗಿ ಹೊರುವವನು ಇವರೆಲ್ಲರ ಗಂಟಿನಿಂದ ತೆಗೆದು ಖರ್ಚುಮಾಡುತ್ತಾನೆ.

ಒಳಗೆ ಬರಿದಾಗಿದೆ ಎಂದು ಕಂಡುಕೊಂಡವನು ಏನು ಮಾಡಬೇಕು? ಗುರುತನ್ನು ಕಿತ್ತೆಸೆಯಬೇಕೋ? ಅದು ಸುಲಭ, ಆದರೆ ಅದರಿಂದ ವಿಧವೆಯ ಒಲೆ ಹೊತ್ತದು, ಅವನ ಹೊಟ್ಟೆಯೂ ತುಂಬದು. ಮುಳುಗಿಸಿದ ಕಾಳನ್ನು ಮೊದಲು ತಿರುಗಿ ಕೊಡಲಿ. ಜಕ್ಕಾಯನು ನಾಲ್ಕರಷ್ಟು ಕೊಡುವೆನೆಂದು ಹೇಳಿದನಲ್ಲಾ. ಆ ಮೇಲೆ ಬಿಟ್ಟ ಎಲೆಯ ಬಳಿಗೆ ತಿರುಗಿ ಬಂದು ತಿನ್ನಲಿ. ವಾಕ್ಯವು ಕೆಲವು ಸಾರಿ ಕಹಿಯೇ. ನಮ್ಮ ಲೋಭಕ್ಕೂ ಗರ್ವಕ್ಕೂ ಅದು ವಿಷವೇ. ಊರಿನವರು ಬೀಳಿಗೆ ಬಿಟ್ಟ ಎಕ್ಕದ ಹಾಗೆ ಕರ್ತನ ಶಿಲುಬೆಯೂ ಊರ ಹೊರಗೇ ನಿಂತಿತ್ತು. ಅಲ್ಲಿಂದಲೇ ನಮಗೆ ಜೀವವು ಬಂತು.

ಈ ಒಂದರಲ್ಲಿ ನಮ್ಮ ಪಾಲು ಚಿಟ್ಟೆಯದಕ್ಕಿಂತ ಹೆಚ್ಚಿನದು. ರೆಕ್ಕೆ ಬಂದ ಚಿಟ್ಟೆ ತಿರುಗಿ ಮರಿಯಾಗಲಾರದು. ಎಲೆಯ ಮೇಲೆ ತಿನ್ನದೆ ಬಂದದ್ದು ಕೊನೆಯ ವರೆಗೂ ಆ ಕಹಿಯಿಲ್ಲದೆ ಇರುವದು. ಮನುಷ್ಯನಿಗಾದರೋ ತಿರುಗಿ ಹುಟ್ಟಬೇಕೆಂದು, ಮುದುಕನಾದರೂ ಹುಟ್ಟಬಹುದೆಂದು, ಕರ್ತನು ಆ ರಾತ್ರಿ ನಿಕೊದೇಮನಿಗೆ ತಿಳಿಸಿದನು. ನಮ್ಮ ಉಸಿರಿರುವ ವರೆಗೂ ಆ ಬಾಗಿಲು ಮುಚ್ಚಿಲ್ಲ. ನಾವು ಹೊತ್ತಿರುವ ಹೆಸರಿಗೂ ನಮ್ಮ ಹೃದಯಕ್ಕೂ ವ್ಯತ್ಯಾಸವಿಲ್ಲದಂತೆ ಕರ್ತನು ನಮ್ಮೆಲ್ಲರಿಗೆ ಕೃಪೆ ಕೊಡಲಿ. ಆಮೆನ್.